ಗಿರಣಿ ಗೋಡೆಯ ಈಚೆ ನೀಲವ್ವನ ದನಿ

ಕೋಣೆಯಲ್ಲಿ ನಾವು ಮೂವರಿದ್ದೆವು. ಬೀಸುವ ಕಲ್ಲಿನ ಮುಂದೆ ಕಾಲು ಚಾಚಿ ಕೂತ ನೀಲವ್ವ, ಬಾಗಿಲಿಗೆ ಆತು ನಿಂತ ಆಕೆಯ ಮಗಳು ಮಂಜುಳಾ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ನಾನು. ನಾಲ್ಕನೆಯವನು ಗೋಡೆಯ ಆಚೆ ಇದ್ದ. ಈರಪ್ಪ, ನೀಲವ್ವನ ಗಂಡನ ಒಡಹುಟ್ಟಿದ ತಮ್ಮ. ಗೋಡೆಯ ಆಚೆ ಇದ್ದದ್ದು ಅವನ ಹಿಟ್ಟಿನ ಗಿರಣಿ.

ರೇಡಿಯೋದಲ್ಲಿ ಧ್ವನಿಮುದ್ರಣದ ಕೆಲಸ ಮಾಡಿ ನಾನು ನಿವೃತ್ತನಾದ ಮರುವರ್ಷದ ಮಾತಿದು. ಕೊಪ್ಪಳದ ಮನೆಯಲ್ಲಿ ಸುಮ್ಮನೆ ಕೂರಲಾಗದೆ ಒಂದು ಲ್ಯಾಪ್‌ಟಾಪ್, ಎರಡು ಮೈಕು, ಮೈಕಿನ ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಅಂಗೈಯಗಲದ ಆಡಿಯೋ ಇಂಟರ್‌ಫೇಸ್ ಚೀಲಕ್ಕೆ ತುಂಬಿಕೊಂಡು ಹಳೆಯ ಹಾಡುಗಳನ್ನು ಮುದ್ರಿಸಿಕೊಳ್ಳಲು ಬಸ್ಸಿನಲ್ಲಿ ಊರೂರು ತಿರುಗುತ್ತಿದ್ದೆ. ಹೀಗಿರುವಾಗ ಮಂಜುಳಾಳ ಫೋನು ಬಂತು. ಊರು ಮಂಗಳೂರು. ಕಡಲ ಕಡೆಯದಲ್ಲ, ನಮ್ಮ ಯಲಬುರ್ಗಾ ಸೀಮೆಯದು. ಆಕೆಯ ತಾಯಿಯ ಕೊರಳಲ್ಲಿ ಥೈರಾಯ್ಡ್ ಗಡ್ಡೆ ಬೆಳೆದಿತ್ತು. ಬುಧವಾರ ಹುಬ್ಬಳ್ಳಿಯಲ್ಲಿ ಆಪರೇಷನ್. ದನಿ ಮೊದಲಿನಂತೆ ಉಳಿಯುತ್ತದೆ ಎನ್ನುವ ಮಾತು ಡಾಕ್ಟರ ಬಾಯಿಂದ ಬಂದಿರಲಿಲ್ಲ.

"ಅವ್ವನ ಬೀಸೋ ಪದ ಒಂದಾದ್ರೂ ಉಳೀಲಿರಿ ಸರ್," ಎಂದಳು ಹುಡುಗಿ.

ಭಾನುವಾರ ಬೆಳಗ್ಗೆ ಹೋದೆ. ನೀಲವ್ವನ ದನಿ ಬೆಳಗಿನ ಎರಡು ತಾಸು ಮಾತ್ರ ಚೆನ್ನಾಗಿರುತ್ತಿತ್ತು, ಆಮೇಲೆ ಗಂಟಲು ಕಟ್ಟಿ ಬರೀ ಗೊಗ್ಗರು. ಹೀಗಾಗಿ ಗಿರಣಿ ನಿಂತ ಮೇಲೆ ರಾತ್ರಿ ಹಾಡಿಸುವಂತಿಲ್ಲ. ಬೇರೆ ಮನೆಗೆ ಹೋಗೋಣವೆಂದರೆ ಕಲ್ಲು ನೆಲದಲ್ಲಿ ಹೂತಿತ್ತು, ಕಲ್ಲು ತಿರುಗದೆ ಆಕೆಗೆ ಪದ ಏಳುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇತ್ತು.

"ಇವನಿಗಂಜಿ ಮನಿ ಬಿಟ್ಟು ಹೋಗಿ ಹಾಡ್ಲೇನು? ಹಂಗಾರ ಅವ ಗೆದ್ದ ಅಂತ ಡಂಗುರ ಹೊಡೀರಿ," ಎಂದಳು ನೀಲವ್ವ, ಗಿರಣಿಯ ಗೋಡೆಗೆ ಕೈ ತೋರಿಸಿ.

ಈ ಹಗೆಯ ಬುಡ ಏನೆಂದು ಮಂಜುಳಾ ಹೇಳಿದಳು. ಓಣಿಯಲ್ಲಿ ಯಾರೇ ಸತ್ತರೂ ಹೆಣ ಎತ್ತುವತನಕ ಗಿರಣಿ ಓಡಿಸುವುದಿಲ್ಲ, ಇದು ಅಲ್ಲಿಯ ರೂಢಿ. ನೀಲವ್ವನ ಗಂಡ ತೀರಿಕೊಂಡ ದಿನ ಈರಪ್ಪ ಗಿರಣಿ ನಿಲ್ಲಿಸಲಿಲ್ಲ. ಅಣ್ಣತಮ್ಮಂದಿರು ಪಾಲಾಗುವಾಗ ಮಾತು ಬಿಟ್ಟಿದ್ದರು, ಅದೇ ಸಿಟ್ಟು. ಸ್ವಂತ ಅಣ್ಣನನ್ನು ಗಿರಣಿಯ ಸದ್ದಿನಲ್ಲಿ ಹೊತ್ತುಕೊಂಡು ಹೋದರು. ಭಜನೆಯವರ ತಾಳ ಕೂಡ ಕೇಳಲಿಲ್ಲವಂತೆ.

ನಾನು ನನ್ನ ಕೆಲಸಕ್ಕೆ ಇಳಿದೆ. ಕಂಡೆನ್ಸರ್ ಮೈಕು ಬಲು ಸೂಕ್ಷ್ಮ, ಮೂಲೆಯ ಹಲ್ಲಿಯ ಲೊಚಗುಟ್ಟುವ ಸದ್ದೂ ಅದಕ್ಕೆ ಬೇಕು. ಅದನ್ನು ಚೀಲದಲ್ಲೇ ಬಿಟ್ಟು ಡೈನಮಿಕ್ ಮೈಕು ತೆಗೆದೆ. ಅದು ಎದುರಿಗಿದ್ದವರ ಮಾತು ಕೇಳುತ್ತದೆ, ಬೆನ್ನಿನ ಕಡೆ ಅರೆಗಿವುಡು. ಅದರ ಬೆನ್ನನ್ನು ಗಿರಣಿಯ ಗೋಡೆಗೆ ಕೊಟ್ಟು, ಬಾಯನ್ನು ನೀಲವ್ವನ ತುಟಿಯಿಂದ ಗೇಣು ದೂರಕ್ಕೆ ತಂದೆ. ಗೋಡೆಗುಂಟ ಜೋಳದ ಚೀಲ ಒಟ್ಟಿದೆವು. ದನಿ ತಡೆಯಲು ಭಾರ ಬೇಕು, ಬರೀ ಬಟ್ಟೆಯಿಂದ ಆಗದು. ಅದರ ಮುಂದೆ ಹಗ್ಗ ಕಟ್ಟಿ, ಹಳೆ ಸೀರೆಗಳನ್ನು ಪದರು ಪದರಾಗಿ ಹೊಲಿದ ಕೌದಿ ಇಳಿಬಿಟ್ಟೆವು. ಕೌದಿಯ ಕೆಲಸ ಬೇರೆ, ಅದು ಕೋಣೆಯೊಳಗಿನ ಮಾರ್ದನಿಯನ್ನು ಕುಡಿಯುತ್ತದೆ. ಫ್ಯಾನು ನಿಲ್ಲಿಸಿ, ಫ್ರಿಜ್ಜಿನ ಪ್ಲಗ್ಗು ಕಿತ್ತು, ಲ್ಯಾಪ್‌ಟಾಪನ್ನು ಬ್ಯಾಟರಿಯ ಮೇಲೆ ಬಿಟ್ಟೆ. ಗಿರಣಿಯ ಗುಡುಗು ನೆಲದಿಂದಲೂ ಏರಿ ಬರುತ್ತಿತ್ತು. ಅದಕ್ಕೆ ಮೈಕಿನ ಸ್ಟ್ಯಾಂಡಿನ ಮೂರು ಕಾಲಿಗೂ, ತಲೆಯ ಮೇಲೆ ಕೊಡ ಹೊರುವಾಗ ಇಟ್ಟುಕೊಳ್ಳುವ ಅರಿವೆಯ ಸಿಂಬಿ ಕೊಟ್ಟೆ. ಅಂಗಡಿಯ ರಬ್ಬರಿಗಿಂತ ಅದು ಛಲೋ.

ಅಷ್ಟರಲ್ಲಿ ಈರಪ್ಪ ಮೈತುಂಬ ಹಿಟ್ಟು ಮೆತ್ತಿಕೊಂಡು ಬಾಗಿಲಿಗೆ ಬಂದ.

"ಏನ್ ಅತ್ತಿಗೆವ್ವಾ, ಗೋಡಿಗೆ ಕೌದಿ ಹೊಚ್ಚೀದಿ? ಗೋಡಿಗೇನು ಚಳಿಜ್ವರ ಬಂದೈತೇನು?"

"ಆಚಿಕಡಿಂದ ಹೊಲಸು ಗಾಳಿ ಬರಾಕತ್ತಿತ್ತು, ಅದಕ್ಕ ಹೊಚ್ಚೇನಿ."

ನಾನು ಎದ್ದು ಕೈಮುಗಿದು, ಬೆಳಗ್ಗೆ ಒಂದು ತಾಸು ನಿಲ್ಲಿಸಿ ಉಪಕಾರ ಮಾಡಿ ಎಂದೆ.

"ಜನ ರೊಟ್ಟಿ ತಿನ್ನಬೇಕೋ, ಈಕಿ ಹಾಡು ತಿನ್ನಬೇಕೋ? ನೀವ ಹೇಳ್ರಿ ರೇಡಿಯೋ ಸಾಹೇಬ್ರ," ಎಂದವನೇ ಹೋಗಿ ಗಿರಣಿಗೆ ಪಟ್ಟಾ ಏರಿಸಿ ಮತ್ತೆ ಓಡಿಸಿದ.

ಆ ದಿನದ ಮುದ್ರಣ ಕೆಲಸಕ್ಕೆ ಬರಲಿಲ್ಲ. ಗದ್ದಲ ಕಳೆಯುವ ಸಾಫ್ಟ್‌ವೇರ್ ಇದೆಯಲ್ಲ ಎಂದು ಮಂಜುಳಾ ಕೇಳಿದಳು. ಇದೆ, ಆದರೆ ಅದೊಂದು ಜರಡಿ. ಕಣ್ಣು ದೊಡ್ಡದಾದರೆ ಗಿರಣಿ ಒಳಗೆ ಬರುತ್ತದೆ, ಸಣ್ಣದಾದರೆ ದನಿಯೂ ಹೊರಗೆ ಉಳಿಯುತ್ತದೆ. ಸೋಸಿ ಕೇಳಿಸಿದೆ. ನೀಲವ್ವ ಮುಖ ಗಂಟು ಹಾಕಿದಳು. "ಇದ್ಯಾವಾಕಿ? ಕೊಡದಾಗ ಮುಖ ಹಾಕಿ ಅಳಾಕತ್ತಾಳಲ್ಲ!"

ಸೋಮವಾರ ಹೊತ್ತು ಮೂಡುವ ಮೊದಲೇ ಕೂತೆವು. ನೀಲವ್ವ ಕಲ್ಲಿನ ಗೂಟ ಹಿಡಿದು ಮೊದಲ ನುಡಿ ಎತ್ತಿದ್ದೇ ತಡ, ಆಚೆ ಗಿರಣಿ ಗುಡುಗಿತು. ಆದರೆ ಹೆಡ್‌ಫೋನಿನಲ್ಲಿ ಸದ್ದು ನಿನ್ನೆಯಂತಿರಲಿಲ್ಲ. ಒಣಗಿದ, ಕೀರುವ ಸದ್ದು. ಅದನ್ನು ಹೇಳಿದೆ. ನೀಲವ್ವ ಕಲ್ಲು ನಿಲ್ಲಿಸಿ ಕಿವಿಗೊಟ್ಟಳು. ಆಕೆ ಗಿರಣಿಯ ಮನೆಗೆ ಸೊಸೆಯಾಗಿ ಬಂದವಳು.

"ಇಷ್ಟು ಲಗೂನ ಯಾರು ಜ್ವಾಳ ತರ್ತಾರ? ಹುಚ್ಚ ಖಾಲಿ ಬಿಟ್ಟಾನ!"

ಕಾಳಿಲ್ಲದೆ ತಿರುಗಿದರೆ ಗಿರಣಿಯ ಕಲ್ಲು ಕಲ್ಲನ್ನೇ ತಿಂದು ಸವೆಯುತ್ತದೆ.

"ಕಾಕಾಗ ಹೇಳಿ ಬರ್ಲೇನಬೇ?" ಎಂದಳು ಮಂಜುಳಾ.

"ಹೇಳಿದ್ರ ನಿನ್ನ ಹಲ್ಲು ಮುರೀತೇನಿ. ಬಾ ಇಲ್ಲಿ, ಕೂಡು. ನೀ ಹಾಡು."

"ನನಗೆಲ್ಲಿ ಬರ್ತೈತಬೇ?"

"ಬರದಿದ್ರ ಒದರು. ಅವಗ ಕೇಳಿದ್ರ ಸಾಕು."

ನೀಲವ್ವ ದನಿ ಉಳಿಸಿಕೊಂಡು ಎಲೆ ಅಡಿಕೆ ಹಾಕಿಕೊಂಡು ಕೂತಳು. ಮಗಳು ಕಲ್ಲು ತಿರುವುತ್ತ, ತಾಳವಿಲ್ಲದೆ ಮೇಳವಿಲ್ಲದೆ ಒದರಿದಳು. ನಾನು ಮುದ್ರಣದ ಗುಂಡಿ ಒತ್ತಲೇ ಇಲ್ಲ. ಈಕೆಯ ದನಿ ಏರಿದಷ್ಟೂ ಆಚೆಯವನು ಖಾಲಿ ಗಿರಣಿ ಓಡಿಸುತ್ತಲೇ ಹೋದ. ನನ್ನ ವೃತ್ತಿಯಲ್ಲಿ ಗದ್ದಲವನ್ನು ಹೀಗೆ ಮೇಯಿಸಿದ್ದು ಅದೊಂದೇ ಸಲ.

ಮಧ್ಯಾಹ್ನ ಓಣಿಯ ಹೆಂಗಸರು ಹಿಟ್ಟಿನ ಡಬ್ಬಿ ಹಿಡಿದು ಗಿರಣಿಯ ಮುಂದೆ ನಿಂತಿದ್ದರು. "ಈರಪ್ಪಾ, ರೊಟ್ಯಾಗ ಉಸುಕು ಬರಾಕತ್ತೈತಿ! ಹಲ್ಲು ಕಟ್ಟಿಸಿ ಕೊಡ್ತೀಯೇನು?" ಕಲ್ಲು ಬಿಚ್ಚದೆ ಗತಿಯಿರಲಿಲ್ಲ. ಅದಕ್ಕೆ ಉಳಿ ಹೊಡೆದು ಮತ್ತೆ ಹದ ಮಾಡುವವನು ಕುಷ್ಟಗಿಯಿಂದ ಬರಬೇಕು, ಮರುದಿನ ಮಧ್ಯಾಹ್ನದ ಬಸ್ಸಿಗೆ.

ಹೀಗೆ ಮಂಗಳವಾರದ ಬೆಳಗು ನಮ್ಮದಾಯಿತು. ಸಂಜೆ ನೀಲವ್ವ ಆಸ್ಪತ್ರೆ ಸೇರಬೇಕಿತ್ತು. ಗೋಡೆಯ ಆಚೆ ಈರಪ್ಪನ ಕೆಮ್ಮು ಬಿಟ್ಟರೆ ಏನೂ ಇಲ್ಲ. ನೀಲವ್ವ ತವರಿನ ಪದ, ಕೂಸಿನ ಪದ, ಕಲ್ಲಿನ ಪದ ಒಂದರ ಬೆನ್ನಿಗೊಂದು ಹಾಡಿದಳು. ಕಡೆಗೆ ಗೋಡೆಯ ಕಡೆ ತಿರುಗಿ, ತಾನೇ ಕಟ್ಟಿದ ನುಡಿ ಎತ್ತಿದಳು.

ಅಣ್ಣ ಮಣ್ಣಿಗೆ ಹೊಂಟ, ತಮ್ಮ ಗಿರಣಿಗೆ ನಿಂತ
ಉಣ್ಣೋರ ಹಿಟ್ಟ ಬೀಸ್ಯಾನ | ಎಲೆ ಕಲ್ಲೆ
ಕಣ್ಣಿದ್ದರ ನೀನು ಅಳತಿದ್ದಿ

ಆಚೆಯ ಕೆಮ್ಮು ನಿಂತಿತು.

"ಈ ನುಡಿ ತಗದು ಬಿಡಲೇನ್ರಿ ಅಕ್ಕಾರ? ಜಗಳ ಬೆಳೀತೈತಿ," ಎಂದೆ.

"ಅದನ್ನ ಕತ್ತರಿಸಿದ್ರ ನಿನ್ನ ಕೈ ಕತ್ತರಿಸ್ತೇನಿ ನೋಡಪಾ."

ಹೊರಡುವಾಗ ಕೌದಿ ಇಳಿಸಲು ಹೋದೆ. ಆಕೆ ಬಿಡಲಿಲ್ಲ. "ಇರಲಿ ಬಿಡು. ಆ ಗೋಡಿ ನೋಡೋದಾದ್ರೂ ತಪ್ತೈತಿ."

ಆಪರೇಷನ್ನಿನಲ್ಲಿ ಜೀವಕ್ಕೆ ಏನೂ ಆಗಲಿಲ್ಲ. ದನಿ ಹೋಯಿತು. ಈಗ ನೀಲವ್ವ ಪಿಸುಗುಟ್ಟುತ್ತಾಳೆ ಅಷ್ಟೆ, ಬೈಗುಳ ಕೂಡ ಪಿಸುಮಾತಿನಲ್ಲಿಯೇ. ಪದಗಳು ಮಂಜುಳಾಳ ಫೋನಿನಲ್ಲಿದ್ದವು. ಓಣಿಯ ಹೆಂಗಸರು ಬಂದು ಕೇಳಿ ಕಲಿತರು. ಗಿರಣಿಯಲ್ಲಿ ಪಾಳಿ ಹಚ್ಚಿ ನಿಂತಾಗ ಆ ಕೊನೆಯ ನುಡಿಯನ್ನೇ ಗುನುಗುತ್ತಿದ್ದರಂತೆ. ಗಿರಾಕಿಗಳ ಬಾಯಿ ಈರಪ್ಪ ಹೇಗೆ ಮುಚ್ಚಿಸಿಯಾನು?

ಕೌದಿ, ಚೀಲ, ಸಿಂಬಿ, ಸಾಫ್ಟ್‌ವೇರ್ ಎಲ್ಲವೂ ಬೇಕು. ಆದರೆ ಗದ್ದಲ ನಿಲ್ಲುವುದು ಅದು ಹುಟ್ಟುವ ಜಾಗದಲ್ಲಿ, ಅಲ್ಲಿಗೆ ನಮ್ಮ ಯಾವ ಉಪಕರಣವೂ ಮುಟ್ಟುವುದಿಲ್ಲ. ಇಷ್ಟು ವರ್ಷ ರೇಡಿಯೋದಲ್ಲಿದ್ದರೂ ಅದನ್ನು ಕಲಿತದ್ದು ಆ ಕೋಣೆಯಲ್ಲಿ.

ಮುಂದಿನ ಬೇಸಿಗೆಯಲ್ಲಿ ಆ ಓಣಿಯ ಮೂಲೆಮನೆಯ ಮುದುಕ ತೀರಿಕೊಂಡ. ಮಂಜುಳಾ ಫೋನು ಮಾಡಿದ್ದಳು.

"ಸರ್, ಕಾಕಾ ಗಿರಣಿ ಬಂದ್ ಮಾಡಿದ್ನರಿ. ಹೆಣ ಎತ್ತೋತನಕ ಬಾಗಲದಾಗ ನಿಂತಿದ್ದ."

"ಅವ್ವಾರು ಏನಂದ್ರು?"

"ಗೋಡಿ ಮ್ಯಾಲಿನ ಕೌದಿ ತಗದು ಮಡಚಿ ಇಟ್ಲು."