ಕಂಡಿಕೆ ಮುಗಿದ ಸಂಜೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದೊಡ್ಡಬಳ್ಳಾಪುರದ ಈ ಬೀದಿಯಲ್ಲಿ ಕೋಳಿ ಕೂಗಿದರೂ ಯಾರಿಗೂ ಕೇಳಿಸುವುದಿಲ್ಲ. ಅಷ್ಟರಲ್ಲೇ ಮನೆಮನೆಯ ವಿದ್ಯುತ್ ಮಗ್ಗಗಳು ಗಡಗಡ ಶುರುಮಾಡಿರುತ್ತವೆ. ನರಸಿಂಹಯ್ಯನವರ ಶೆಡ್ಡಿನ ಮೂಲೆಯಲ್ಲಿ, ಮಿಣುಕುವ ಟ್ಯೂಬ್‌ಲೈಟಿನ ಕೆಳಗೆ ಮುನಿತಾಯಮ್ಮ ಕಂಡಿಕೆ ಸುತ್ತುತ್ತಿದ್ದಾರೆ. ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯ ಹೊಟ್ಟೆಯಲ್ಲಿ ಕೂರುವ ನೂಲಿನ ಕೊಳವೆಯೇ ಕಂಡಿಕೆ. ಅದರ ನೂಲು ಮುಗಿದರೆ ಮಗ್ಗ ನಿಲ್ಲುತ್ತದೆ, ನೇಕಾರ ಬುಟ್ಟಿಗೆ ಕೈಹಾಕಿ ಇನ್ನೊಂದನ್ನು ಹಾಕಿಕೊಳ್ಳುತ್ತಾನೆ. ಸೀರೆ ಉಟ್ಟವರಿಗೆ ನೇಯ್ದವನ ಹೆಸರೇ ಗೊತ್ತಿರುವುದಿಲ್ಲ, ಇನ್ನು ಕಂಡಿಕೆ ಸುತ್ತಿದವರನ್ನು ಕೇಳುವವರು ಯಾರು!

“ನನ್ ಬುಟ್ಟಿ ಒಂದಿನಾನೂ ಬರಿದಾಗಿಲ್ಲ,” ಎನ್ನುತ್ತಾರೆ ಮುನಿತಾಯಮ್ಮ, ಕಣ್ಣು ನೂಲಿನ ಮೇಲೆಯೇ ಇಟ್ಟು. “ಸಾಯಂಕಾಲ ಹೋಗೋವಾಗ ರಾತ್ರಿ ಪಾಳಿಯವ್ರಿಗೂ ಸುತ್ತಿಟ್ಟೇ ಹೋಗೋದು. ನನ್ನಿಂದ ಮಗ್ಗ ನಿಂತ್ರೆ ನಂಗೇ ಎದೆ ಹೊಡ್ಕೊಳ್ತದೆ.”

ಆದರೆ ಇವತ್ತು ಅವರ ಕೈಯಲ್ಲಿ ನೂಲು ಮೇಲಿಂದ ಮೇಲೆ ತುಂಡಾಗುತ್ತಿದೆ. ಸಂಜೆ ಇದೇ ಬೀದಿಯಲ್ಲಿ ದೀಪ ಹಿಡಿಯುವುದಿದೆ. ನೆನೆಯಬೇಕಾಗಿರುವುದು ಅರ್ಪಿತಳನ್ನು. ಅರ್ಪಿತ ಇದೇ ಶೆಡ್ಡಿನ ಯಜಮಾನರ ಸೊಸೆ.

ಗಂಡನ ಮನೆಯಲ್ಲೋ, ಪ್ರೀತಿಸುತ್ತೇನೆಂದು ಹಿಂದೆ ಬಿದ್ದವನ ಕೈಯಲ್ಲೋ ಪ್ರಾಣ ಕಳೆದುಕೊಂಡ ಹೆಣ್ಣುಮಕ್ಕಳಿಗಾಗಿ ತಾಲ್ಲೂಕಿನ ಕೆಲವು ಹೆಂಗಸರು ನಡೆಸಿಕೊಂಡು ಬಂದಿರುವ ಸಂಜೆ ಇದು. ಭಾಷಣವಿಲ್ಲ, ಬ್ಯಾನರ್ ಇಲ್ಲ. ಆಕೆ ಸತ್ತು ವರ್ಷ ತುಂಬಿದ ದಿನ, ಆಕೆ ಬದುಕಿದ್ದ ಬೀದಿಯಲ್ಲೇ ನಿಂತು ಹಣತೆ ಹಚ್ಚುತ್ತಾರೆ. ಹೆತ್ತವಳು ಮಗಳ ಹೆಸರು ಹೇಳಿ, ಅವಳು ಎಂಥವಳಿದ್ದಳು ಎಂದು ನಾಲ್ಕು ಮಾತಾಡುತ್ತಾಳೆ. ಅಷ್ಟೇ. ಆ ನಾಲ್ಕು ಮಾತು ಕೇಳಿಸುವ ಹಾಗೆ ನೋಡಿಕೊಳ್ಳುವುದು ಮುನಿತಾಯಮ್ಮನವರ ಪಾಲಿಗೆ ಬಂದ ಕೆಲಸ. ಮನೆಮನೆಗೆ ಹೋಗಿ, “ಸ್ವಲ್ಪ ಹೊತ್ತು ಮಗ್ಗ ನಿಲ್ಸಿ ಅಣ್ಣಾ” ಎಂದು ಕೈಮುಗಿಯುವುದು.

ಈ ಕೆಲಸ ಹುಟ್ಟಿದ್ದೇ ಒಂದು ಎಡವಟ್ಟಿನಿಂದ. ಮೊದಲ ಸಲ ಪಕ್ಕದ ಬೀದಿಯಲ್ಲಿ ದೀಪ ಹಿಡಿದಾಗ ಮಗ್ಗ ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ಇಲ್ಲಿಯವರಿಗೆ ಅದು ಸದ್ದೇ ಅಲ್ಲ. ಹುಟ್ಟಿದಾಗಿನಿಂದ ಆ ಗದ್ದಲದಲ್ಲೇ ಇರುವ ಜನ ಒಬ್ಬರ ಮಾತನ್ನು ಇನ್ನೊಬ್ಬರು ತುಟಿ ನೋಡಿಯೇ ತಿಳಿದುಕೊಳ್ಳುತ್ತಾರೆ. ಆವತ್ತು ಮಗಳನ್ನು ಕಳೆದುಕೊಂಡ ಅಮ್ಮಯಮ್ಮ ನೆಲಮಂಗಲದ ಕಡೆಯಿಂದ ಬಂದಿದ್ದವರು. ಗಂಟಲು ಹರಿಯುವಂತೆ ಮಾತಾಡಿದರು. ತಮ್ಮ ದನಿ ತಮಗೇ ಕೇಳದೆ, “ಯಾರ್ಗಾದ್ರೂ ಕೇಳಿಸ್ತಾ ಐತಾ?” ಎಂದು ಕೂಗಿದರು. ಎದುರಿಗಿದ್ದವರೆಲ್ಲ ಅವರ ತುಟಿಯನ್ನೇ ನೋಡುತ್ತಾ ಹೌದು ಹೌದೆಂದು ತಲೆಯಾಡಿಸಿದರು. ಗೇಲಿ ಮಾಡುತ್ತಿದ್ದಾರೆ ಎಂದುಕೊಂಡ ಆ ತಾಯಿ ಹಣತೆಯನ್ನು ನೆಲಕ್ಕೆ ಕುಕ್ಕಿ ಹೊರಟೇಬಿಟ್ಟರು.

“ನಾವು ನಿಜ್ವಾಗ್ಲೂ ತಿಳ್ಕೊಂಡಿದ್ವು. ಆದ್ರೆ ಕೇಳಿಸ್ಕೊಂಡಿರ್ಲಿಲ್ಲ,” ಎನ್ನುವಾಗ ಮುನಿತಾಯಮ್ಮನವರ ಮುಖ ಈಗಲೂ ಸಪ್ಪಗಾಗುತ್ತದೆ. “ಬಸ್ ಸ್ಟ್ಯಾಂಡ್‌ವರ್ಗೂ ಓಡ್ಹೋಗಿ ಕಾಲಿಗ್ ಬಿದ್ದೆ. ಆವತ್ತೇ ಅನ್ಕೊಂಡಿದ್ದು, ಇನ್ಮೇಲೆ ಮಗ್ಗ ನಿಲ್ಸ್ದೆ ದೀಪ ಹಚ್ಚೋದ್ ಬೇಡ ಅಂತ.”

ಮುನಿತಾಯಮ್ಮ ಘಾಟಿ ಸುಬ್ರಹ್ಮಣ್ಯದ ಹತ್ತಿರದ ಹಳ್ಳಿಯಿಂದ ಮದುವೆಯಾಗಿ ಇಲ್ಲಿಗೆ ಬಂದವರು. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಒಂದೇ ಕೋಣೆಯ ಬಾಡಿಗೆ ಮನೆ, ಇಡೀ ದಿನ ಕೂತು ಕೂತು ಹಿಡಿದುಕೊಂಡ ಸೊಂಟ, ನೂಲು ಕೊಯ್ದು ಗೆರೆಬಿದ್ದ ಬೆರಳು. ದೀಪದ ಕೆಲಸಕ್ಕೆ ಏಕೆ ಬಂದಿರಿ ಎಂದರೆ ಮುಚ್ಚುಮರೆ ಇಲ್ಲ. “ನನ್ ಗಂಡಾನೂ ಹೊಡೀತಿದ್ದ. ನಾನು ಉಳ್ಕೊಂಡೆ, ಅವ್ರು ಉಳೀಲಿಲ್ಲ. ಇನ್ನೇನೈತೆ ವ್ಯತ್ಯಾಸ?”

ಇಷ್ಟು ದಿನ ಅವರು ಹೋಗಿ ಕೇಳಿದಾಗ ಮೊದಲು ಸ್ವಿಚ್ ಆರಿಸುತ್ತಿದ್ದವರು ನರಸಿಂಹಯ್ಯನವರೇ. “ಒಳ್ಳೇ ಕೆಲ್ಸ ಕಣಮ್ಮ, ಮಾಡು” ಎಂದು ಬೆನ್ನುತಟ್ಟಿದ್ದವರು. ಬೇರೆಯವರ ಮನೆಯ ಸೊಸೆಯರ ವಿಷಯದಲ್ಲಿ ದೊಡ್ಡ ಮನಸ್ಸು ಮಾಡುವುದು ಸುಲಭ.

ಶೆಡ್ಡಿನ ಮೇಲೆಯೇ ಯಜಮಾನರ ಮನೆ. ಹೋದ ವರ್ಷ ಇದೇ ದಿನ ಅರ್ಪಿತ ಆ ಮೆಟ್ಟಿಲ ಬುಡದಲ್ಲಿ ಹೆಣವಾಗಿ ಬಿದ್ದಿದ್ದಳು. ಕಾಲುಜಾರಿತು ಎಂದರು ಮನೆಯವರು. ತಳ್ಳಿದ್ದಾರೆ ಎಂದರು ದೊಡ್ಡಬೆಳವಂಗಲದಿಂದ ಓಡಿಬಂದ ತಾಯಿ ಗಂಗಲಕ್ಷ್ಮಮ್ಮ. ಗಂಡ ಜಾಮೀನಿನ ಮೇಲೆ ಹೊರಗಿದ್ದಾನೆ, ಕೇಸು ನಡೆಯುತ್ತಿದೆ. ಪೊಲೀಸರು ವಿಚಾರಿಸಿದಾಗ ಇಡೀ ಬೀದಿ ಒಂದೇ ಮಾತು ಹೇಳಿತು: ಮಗ್ಗದ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ ಸಾರ್.

ಆವತ್ತು ಮುನಿತಾಯಮ್ಮ ಊರಲ್ಲಿರಲಿಲ್ಲ. ಆದರೆ ಅದಕ್ಕೂ ಹಿಂದಿನದು ಅವರಿಗೆ ಗೊತ್ತು. “ಕರೆಂಟ್ ಹೋದ್ರೆ ಯಾರ್ಮನೇಲಿ ಏನ್ ನಡೀತದೆ ಅಂತ ಎಲ್ರಿಗೂ ಗೊತ್ತಾಗ್ತದೆ. ಕರೆಂಟ್ ಬಂದ್ಮೇಲೆ ಎಲ್ರೂ ಮರ್ತ್‌ಬಿಡ್ತಾರೆ,” ಎನ್ನುತ್ತಾರೆ. ಹಾಗೊಂದು ದಿನ ಕರೆಂಟ್ ಹೋಗಿ ಮಗ್ಗಗಳು ನಿಂತಾಗ ಮೇಲಿನಿಂದ ಅಳು ಕೇಳಿಸಿತ್ತು. ಮುನಿತಾಯಮ್ಮ ಒಂದು ಚೊಂಬು ನೀರು ಹಿಡಿದು ಮೆಟ್ಟಿಲು ಹತ್ತಿದರು. ಬಾಗಿಲ ಸಂದಿಯಲ್ಲಿ ನಿಂತಿದ್ದ ಅರ್ಪಿತ ನೀರು ಮುಟ್ಟಲಿಲ್ಲ. ಸೆರಗಿನಿಂದ ಬಾಯಿ ಒತ್ತಿಕೊಂಡು ಹೇಳಿದ್ದು ಒಂದೇ ಮಾತು: “ಕರೆಂಟ್ ಬೇಗ ಬಂದ್ರೆ ಸಾಕಕ್ಕ.”

ಊಟದ ಹೊತ್ತಿಗೆ ಮುನಿತಾಯಮ್ಮ ಎದ್ದು ಯಜಮಾನರ ಮುಂದೆ ನಿಲ್ಲುತ್ತಾರೆ. ಬೀದಿಯ ಮಿಕ್ಕವರೆಲ್ಲ ಒಪ್ಪಿದ್ದಾರೆ, ಕೆಲವರು ಮುಖ ತಿರುಗಿಸಿಕೊಂಡೇ ಒಪ್ಪಿದ್ದಾರೆ. ಉಳಿದಿರುವುದು ಇದೊಂದೇ ಶೆಡ್ಡು, ಬೀದಿಯಲ್ಲೇ ದೊಡ್ಡದು. ಇದೊಂದು ಓಡಿದರೂ ಸಾಕು, ಗಂಗಲಕ್ಷ್ಮಮ್ಮನ ಮಾತು ಅವರ ಬಾಯಿಂದ ಆಚೆ ಬರುವುದಿಲ್ಲ.

“ಅಣ್ಣಾ, ಸಂಜೆ ಸ್ವಲ್ಪ ಹೊತ್ತು...”

“ಯಾರ್ ಏನಾದ್ರೂ ಮಾಡ್ಕೊಳ್ಲಿ. ನನ್ ಮಗ್ಗ ನಿಲ್ಲಲ್ಲ,” ಎನ್ನುತ್ತಾರೆ ನರಸಿಂಹಯ್ಯ, ತಟ್ಟೆಯಿಂದ ತಲೆ ಎತ್ತದೆ. “ಸ್ವಿಚ್ಚಿಗ್ ಯಾರಾದ್ರೂ ಕೈಹಾಕಿದ್ರೆ ನಾನ್ ಸುಮ್ನಿರಲ್ಲ. ನಿಂಗೂ ಹೇಳ್ತಾ ಇದೀನಿ ಮುನಿತಾಯಮ್ಮ. ಕೆಲ್ಸ ಬೇಕೋ ಬೇಡ್ವೋ ನೋಡ್ಕೋ.”

ಮುನಿತಾಯಮ್ಮ ತಿರುಗಿ ಬಂದು ತಮ್ಮ ಜಾಗದಲ್ಲಿ ಕೂರುತ್ತಾರೆ. ಬುಟ್ಟಿಯಲ್ಲಿ ಉಳಿದ ಕಂಡಿಕೆಗಳನ್ನು ಒಮ್ಮೆ ಎಣಿಸುತ್ತಾರೆ. ಈ ವಯಸ್ಸಿನಲ್ಲಿ ಬೇರೆ ಶೆಡ್ಡಿನವರು ಕರೆಯುತ್ತಾರೋ ಇಲ್ಲವೋ. ದೊಡ್ಡಬೆಳವಂಗಲದಿಂದ ಬಸ್ಸು ಹತ್ತಿ ಬರುವ ಆ ತಾಯಿಗೆ ಏನೆಂದು ಹೇಳುವುದು? ಅಮ್ಮಯಮ್ಮ ಕುಕ್ಕಿದ ಹಣತೆ ಕಣ್ಣಮುಂದೆ ಬಂದು ಅವರಿಗೆ ಅಳುವೇ ಬರುತ್ತದೆ. ಹಳೆಯ ನೇಕಾರ ಬೈಲಪ್ಪ ಮಗ್ಗದ ಆಚೆಯಿಂದ ತುಟಿಯಲ್ಲೇ ‘ಏನಂದ್ರು?’ ಎಂದು ಕೇಳುತ್ತಾರೆ. ಮುನಿತಾಯಮ್ಮ ತಲೆಯಾಡಿಸುತ್ತಾರೆ, ಇಲ್ಲ ಎಂದು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹೆಂಗಸರು ಬಂದು ನಿಂತಿದ್ದಾರೆ. ಗಾರ್ಮೆಂಟ್ಸ್‌ನಿಂದ ನೇರವಾಗಿ ಬಂದವರ ಹೆಗಲಲ್ಲಿ ಇನ್ನೂ ಊಟದ ಬ್ಯಾಗು. ಬೀದಿಯ ಮಗ್ಗಗಳು ಒಂದೊಂದಾಗಿ ಸುಮ್ಮನಾಗುತ್ತವೆ. ನರಸಿಂಹಯ್ಯನವರ ಶೆಡ್ಡು ಮಾತ್ರ ಗುಡುಗುತ್ತಲೇ ಇದೆ. ಗಂಗಲಕ್ಷ್ಮಮ್ಮ ಮಗಳ ಫೋಟೊ ಎದೆಗೆ ಒತ್ತಿಕೊಂಡು ಬಾಯಿ ತೆರೆಯುತ್ತಾರೆ, ಮುಚ್ಚುತ್ತಾರೆ, ಸುತ್ತ ನೋಡುತ್ತಾರೆ. “ಸ್ವಲ್ಪ ತಡೀರಿ ತಾಯಿ,” ಎಂದು ಮುನಿತಾಯಮ್ಮ ಅವರ ಕೈಹಿಡಿದುಕೊಳ್ಳುತ್ತಾರೆ.

ಅಷ್ಟರಲ್ಲಿ ಒಂದು ಮಗ್ಗ ನಿಲ್ಲುತ್ತದೆ. ಬೈಲಪ್ಪ ಬುಟ್ಟಿಗೆ ಕೈಹಾಕುತ್ತಾರೆ. ಬುಟ್ಟಿಯಲ್ಲಿ ಏನೂ ಇಲ್ಲ. ಅವರು ಒಂದು ಗಳಿಗೆ ಆ ಬರಿ ಬುಟ್ಟಿಯನ್ನು ನೋಡಿ, ಹೆಗಲ ಟವೆಲ್ಲಿಗೆ ಕೈ ಒರೆಸಿಕೊಂಡು ಬೀದಿಗೆ ಬಂದು ನಿಲ್ಲುತ್ತಾರೆ. ಪಕ್ಕದ ಮಗ್ಗ ನಿಲ್ಲುತ್ತದೆ, ಅದರ ಪಕ್ಕದ್ದೂ. ಸ್ವಿಚ್ಚು ಮುಟ್ಟಿದವರು ಯಾರೂ ಇಲ್ಲ, ಟ್ಯೂಬ್‌ಲೈಟು ಉರಿಯುತ್ತಲೇ ಇದೆ. ಕೊನೆಯ ಲಾಳಿಯ ನೂಲೂ ಮುಗಿಯುತ್ತದೆ.

“ಕಂಡಿಕೆ ಎಲ್ಲಿ?” ನರಸಿಂಹಯ್ಯ ಮೆಟ್ಟಿಲ ಮೇಲಿನಿಂದ ಕೂಗುತ್ತಾರೆ. ಸದ್ದು ನಿಂತುಹೋದ ಬೀದಿಯಲ್ಲಿ ಆ ಕೂಗು ಅವರಿಗೇ ಜೋರಾಯಿತೇನೋ, ಮೆಟ್ಟಿಲ ಕಂಬಿ ಹಿಡಿದುಕೊಳ್ಳುತ್ತಾರೆ.

“ಮುಗೀತಣ್ಣಾ,” ಎನ್ನುತ್ತಾರೆ ಮುನಿತಾಯಮ್ಮ.

ಗಂಗಲಕ್ಷ್ಮಮ್ಮ ಮಾತಾಡುತ್ತಾರೆ. ಕೂಗಬೇಕಾಗಿಲ್ಲ. “ನನ್ ಮಗ್ಳು ಅರ್ಪಿತ. ಜೋರಾಗ್ ನಗೋಳು. ಮನೇಲ್ ನಕ್ಕಿದ್ರೆ ನಮ್ಗೆ ಹೊಲಕ್ಕೇ ಕೇಳಿಸೋದು. ಈ ಬೀದಿಗ್ ಬಂದ್ಮೇಲೆ ಫೋನಲ್ಲೂ ಮೆಲ್ಲಗ್ ಮಾತಾಡೋದ್ ಕಲ್ತ್ಳು.” ಜನ ಬಾಗಿಲುಗಳಿಗೆ ಬಂದು ನಿಂತಿದ್ದಾರೆ. ಜೀವಮಾನವೆಲ್ಲ ತುಟಿ ನೋಡಿ ಮಾತು ತಿಳಿದುಕೊಂಡ ಬೈಲಪ್ಪ ತಲೆ ತಗ್ಗಿಸಿ, ನೆಲ ನೋಡುತ್ತಾ ಕೇಳುತ್ತಿದ್ದಾರೆ. ಮೆಟ್ಟಿಲ ಮೇಲಿದ್ದ ನರಸಿಂಹಯ್ಯ ಒಳಗೆ ಹೋಗಲಾರದೆ ಅಲ್ಲೇ ನಿಂತಿದ್ದಾರೆ.

ಹಣತೆಗಳು ಆರಿದ ಮೇಲೆ ಮುನಿತಾಯಮ್ಮ ಬಸ್ ಸ್ಟ್ಯಾಂಡಿನವರೆಗೆ ಆ ತಾಯಿಯ ಜೊತೆ ನಡೆಯುತ್ತಾರೆ. ನಾಳೆ ಏನು ಗತಿ ಎಂಬ ಭಯ ಮುಖದಲ್ಲಿ ಇದ್ದೇ ಇದೆ. “ಬೆಳಿಗ್ಗೆ ಹೋಗ್ತೀನಿ. ಬೇಡ ಅಂದ್ರೆ ಬೇರೆ ಕಡೆ ಕೇಳ್ತೀನಿ, ಸುತ್ತೋ ಕೈ ಐತಲ್ಲ,” ಎನ್ನುತ್ತಾರೆ. ಆಮೇಲೆ ತಮಗೇ ಹೇಳಿಕೊಂಡ ಹಾಗೆ, “ಆ ಮಗು ಕರೆಂಟ್ ಬರ್ಲಿ ಅಂತ ಕಾಯ್ತಿತ್ತು, ಅಳೋದು ಯಾರ್ಗೂ ಕೇಳಿಸ್ಬಾರ್ದು ಅಂತ. ಇವತ್ತು ಕರೆಂಟ್ ಇತ್ತು. ಆದ್ರೂ ಎಲ್ರಿಗೂ ಕೇಳಿಸ್ತು.”