ಗಾರೆ ಬಾಲರಾಜರು ಕಟ್ಟಿದ ಬ್ಯಾಸ್ಕೆಟ್‌ಬಾಲ್ ಅಂಗಳ

ನಜರ್‌ಬಾದಿನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಗಾರೆ ಕೆಲಸದ ಬಾಲರಾಜರಿದ್ದರು. ಅವರು ಹಾಕಿದ ನೆಲದಲ್ಲಿ ಹೆಂಗಸರು ಮುಖ ನೋಡಿಕೊಂಡು ಕುಂಕುಮ ತಿದ್ದಿಕೊಳ್ಳಬಹುದು ಎಂದು ಜನ ಹೇಳುತ್ತಿದ್ದರು. ಸಿಮೆಂಟಿನ ತಿಳಿಯನ್ನು ಮೇಲೆ ಬಳಿದು, ಮಂಡಿಯೂರಿ ಹಿಂದಕ್ಕೆ ಸರಿಯುತ್ತ, ಕರಣೆಯಿಂದ ಎಳೆದೆಳೆದು ಹೊಳಪು ತರುತ್ತಿದ್ದರು. ಮಾತು ಬಹಳ ಕಡಿಮೆ. ಭಾನುವಾರ ಹೆಂಡತಿ ಜ್ಞಾನಮ್ಮನವರೊಡನೆ ಚರ್ಚಿಗೆ ಹೋಗುವಾಗ ಮಾತ್ರ ಅವರ ಕೈಗಳು ಶುಭ್ರವಾಗಿರುತ್ತಿದ್ದವು.

೧೯೫೬ರ ಬೇಸಿಗೆಯಲ್ಲಿ, ದೇವರಾಜ ಮೊಹಲ್ಲಾದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ರುದ್ರಸ್ವಾಮಿಯವರಿಗೆ ಮನೆಯ ಹಿತ್ತಲಲ್ಲಿ ಬ್ಯಾಸ್ಕೆಟ್‌ಬಾಲ್ ಅಂಗಳ ಕಟ್ಟಿಸುವ ಆಸೆಯಾಯಿತು. ಮಗ ಸುಂದರೇಶ ಕಾಲೇಜು ತಂಡದ ಆಟಗಾರ. ಸಿಮೆಂಟು ಪರ್ಮಿಟ್ಟಿನ ಮೇಲೆ ಸಿಗುತ್ತಿದ್ದ ಕಾಲ ಅದು. ಮನೆಯಲ್ಲಿ ಕಾಂಕ್ರೀಟಿನ ಆಟದ ಅಂಗಳ ಕಟ್ಟಿಸಿದವರನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಖರ್ಚಿನ ಅಂದಾಜು ಹಾಕಿಕೊಡಲು ಗಣಿತದ ಮೇಷ್ಟ್ರಾದ ನನ್ನನ್ನು ಕರೆಸಿದರು. ಪೂರ್ತಿ ಅಂಗಳದ ಖರ್ಚು ಕೇಳಿ ಅವರು ಹೌಹಾರಿದರು. ಕೊನೆಗೆ ನಲವತ್ತಡಿ ಉದ್ದಗಲದ ಅರ್ಧ ಅಂಗಳ, ಚೆಂಡು ಹಾಕುವ ಬುಟ್ಟಿಗೆ ಒಂದೇ ಕಂಬ ಎಂದು ತೀರ್ಮಾನವಾಯಿತು. ಗಾರೆಗೆ ಬಾಲರಾಜರನ್ನು ಕರೆಯಿರಿ ಎಂದವನೂ ನಾನೇ.

ಜೂನಿನಲ್ಲಿ ಮೇಲ್ಪದರ ಹಾಕುವ ದಿನ ಬಾಲರಾಜರು ಕರಣೆ ಹಿಡಿದು ಅನುಮಾನಿಸಿದರು.

"ಮೇಷ್ಟ್ರೇ, ಓಡಾಡೋ ಜಾಗ ಕಣ್ರೀ ಇದು. ವಸಿ ತರಿಯಾಗೇ ಬುಟ್ರೆ ಒಳ್ಳೇದಲ್ವಾ?"

ಬೆಳಕು ಕನ್ನಡಿಗೆ ಬಿದ್ದ ಕೋನದಲ್ಲೇ ಹಿಂದಿರುಗುವ ಪಾಠವನ್ನು ಹಿಂದಿನ ವಾರವಷ್ಟೇ ಮಕ್ಕಳಿಗೆ ಹೇಳಿಕೊಟ್ಟಿದ್ದೆ; ಚೆಂಡಿಗೂ ಅದೇ ನಿಯಮ ಎಂದುಕೊಂಡೆ. "ನೆಲ ತರಿಯಾದರೆ ಚೆಂಡು ಅಡ್ಡಾದಿಡ್ಡಿ ಏಳುತ್ತೆ ಬಾಲರಾಜ್. ನಿಮ್ಮ ಹಜಾರದ ನೆಲಗಳ ಹಾಗೆ ಇರಲಿ, ಕನ್ನಡಿ ಹಾಗೆ" ಎಂದೆ.

"ಓದ್ದೋರು ಹೇಳೋ ಮಾತು, ಅಂಗೇ ಆಗ್ಲಿ" ಎಂದು ಅವರು ಮಂಡಿಯೂರಿದರು.

ಆ ವರ್ಷ ಅವರ ಚರ್ಚಿನಲ್ಲಿ ಪೀಠದ ಮುಂದಿನ ನೆಲವನ್ನು ಹೊಸದಾಗಿ ಹಾಕಿಸುವುದಿತ್ತು. ಆ ಕೆಲಸ ಬಾಲರಾಜರಿಗೇ ಎಂದು ಪಾದ್ರಿಗಳು ಮಾತು ಕೊಟ್ಟಿದ್ದರು. ಆಗಸ್ಟಿನ ಹಬ್ಬದೊಳಗೆ ಮುಗಿಯಬೇಕು. ತಾವು ಹಾಕಿದ ನೆಲದ ಮೇಲೆ ಊರೆಲ್ಲ ಮೊಣಕಾಲೂರುತ್ತದೆ ಎಂದು ಹೇಳುವಾಗ ಆ ಮಿತಭಾಷಿ ಮನುಷ್ಯನ ಮುಖ ಅರಳುತ್ತಿತ್ತು.

ಅಂಗಳ ಥಳಥಳ ಹೊಳೆಯಿತು. ನೋಡಲು ಜನ ಬಂದರು. ಜುಲೈ ಮೊದಲ ವಾರ ತುಂತುರು ಹನಿ ಬಿದ್ದ ಒಂದು ಬೆಳಗ್ಗೆ ಸುಂದರೇಶ ಚೆಂಡು ಹಿಡಿದು ಓಡಿದ, ಜಾರಿದ, ಬಲಗೈ ಮಣಿಕಟ್ಟು ಮುರಿದುಕೊಂಡ. ಆ ವರ್ಷದ ಪಂದ್ಯಗಳು ಅಲ್ಲಿಗೆ ಮುಗಿದವು.

ರುದ್ರಸ್ವಾಮಿಯವರು ನಮ್ಮಿಬ್ಬರನ್ನೂ ಕರೆಸಿದರು.

"ಏನಯ್ಯಾ ಬಾಲರಾಜ, ಆಟಕ್ಕೆ ಜಾಗ ಮಾಡಿಕೊಡು ಅಂದ್ರೆ ಜಾರುಬಂಡೆ ಕಟ್ಟಿದ್ಯಲ್ಲಯ್ಯಾ! ಯಾರು ಹೇಳಿದ್ರು ನಿಂಗೆ ಇಷ್ಟು ನುಣುಪು ಮಾಡು ಅಂತ?"

ಬಾಲರಾಜರು ನನ್ನ ಕಡೆ ನೋಡಿದರು. ನನ್ನ ಕೈಯಲ್ಲಿ ಅಂಗಳದ ನಕ್ಷೆಯಿತ್ತು. ಲೆಕ್ಕ ತಪ್ಪದ ಮೇಷ್ಟ್ರು ಎಂಬ ಹೆಸರು ನನಗೆ ಆ ಮೊಹಲ್ಲಾದಲ್ಲಿತ್ತು. ನಾನು ನಕ್ಷೆಯನ್ನು ಸುರುಳಿ ಸುತ್ತುತ್ತ ನಿಂತೆ.

ಅವರು ಕಣ್ಣು ಕೆಳಗಿಳಿಸಿ, "ತಪ್ಪಾಯ್ತು ಸ್ವಾಮಿ. ಕೂಲಿ ಬ್ಯಾಡ. ಉಳಿ ಹೊಡ್ದು ಪೂರ್ತಾ ತರಿ ಮಾಡ್ಕೊಡ್ತೀನಿ" ಎಂದರು.

ಗಟ್ಟಿಯಾದ ಕಾಂಕ್ರೀಟು. ಅಂಗುಲ ಅಂಗುಲಕ್ಕೂ ಉಳಿಯಿಟ್ಟು ಸುತ್ತಿಗೆಯಿಂದ ಕುಟ್ಟಬೇಕು. ಐದು ವಾರ ಹಿಡಿಯಿತು. ಶಾಲೆಗೆ ಹೋಗುವ ನನ್ನ ದಾರಿಗೆ ಆ ಸದ್ದು ಕೇಳುತ್ತಿತ್ತು. ಮೂರನೆಯ ದಿನದಿಂದ ನಾನು ಬೇರೆ ಬೀದಿಯಲ್ಲಿ ಹೋಗತೊಡಗಿದೆ. ಹಬ್ಬ ಕಾಯುವುದಿಲ್ಲವಲ್ಲ, ಚರ್ಚಿನ ನೆಲವನ್ನು ಬೇರೊಬ್ಬ ಮೇಸ್ತ್ರಿ ಹಾಕಿದ. ಆಮೇಲೆ ಪ್ರತಿ ಭಾನುವಾರ ಬಾಲರಾಜರು ಅವನು ಹಾಕಿದ ನೆಲದ ಮೇಲೆ, ಕೆಟ್ಟುಹೋದ ತಮ್ಮ ಮಂಡಿಗಳನ್ನು ಊರುತ್ತಿದ್ದರು.

೧೯೬೩ರಲ್ಲಿ ನಮ್ಮ ಮನೆಗೆ ಒಂದು ಕೋಣೆ ಸೇರಿಸಿದೆವು. ನಾನು ಬೇಡವೆಂದರೂ ಹೆಂಡತಿ ಮಂಗಳಮ್ಮ ಬಾಲರಾಜರಿಗೇ ಹೇಳಿಕಳುಹಿಸಿದಳು. ಅವರು ಸಿಮೆಂಟು ಕಲಸಿಟ್ಟು ಕೇಳಿದರು:

"ನುಣುಪಾ ಮೇಷ್ಟ್ರೇ, ತರಿಯಾ?"

"ನಿಮ್ಮಿಷ್ಟ" ಎಂದೆ.

"ಅಂಗನ್ಬೇಡಿ. ಬಾಯ್ಬುಟ್ಟು ಹೇಳಿ. ಅಮ್ಮೋರೂ ಬರ್ಲಿ, ಅವರ ಮುಂದೇ ಹೇಳ್ಬುಡಿ."

ಧ್ವನಿಯಲ್ಲಿ ಕೋಪವಿರಲಿಲ್ಲ. ಅದೇ ನನ್ನನ್ನು ಹಿಂಡಿತು. ಮಂಗಳಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು.

"ನುಣುಪಾಗಿರಲಿ" ಎಂದೆ. "ರುದ್ರಸ್ವಾಮಿಗಳ ಹಿತ್ತಲಲ್ಲೂ ನುಣುಪು ಮಾಡಿ ಎಂದವನು ನಾನೇ. ಇವರು ಬೇಡವೆಂದಿದ್ದರು."

"ಏಳು ವರ್ಷದಿಂದ ಇದನ್ನ ಹೊಟ್ಟೇಲಿಟ್ಕೊಂಡು ಹೆಂಗ್ರೀ ಊಟ ಮಾಡ್ತಿದ್ರಿ?" ಎಂದಳು ಮಂಗಳಮ್ಮ.

ಬಾಲರಾಜರು, "ಹೋಗ್ಲಿ ಬುಡಿ ಅಮ್ಮಾ" ಎಂದು ಕರಣೆ ತೆಗೆದುಕೊಂಡರು.

ಸಂಜೆ ನಾನು ರುದ್ರಸ್ವಾಮಿಯವರ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಬಟ್ಟೆ ಅಳೆಯುತ್ತಲೇ ನಕ್ಕರು. "ಯಾವ ಕಾಲದ ಮಾತು ಮೇಷ್ಟ್ರೇ! ಸುಂದರೇಶ ಆಟ ಬಿಟ್ಟು ನಾಲ್ಕು ವರ್ಷ ಆಯ್ತು. ಈಗ ಅಲ್ಲಿ ಮೆಣಸಿನಕಾಯಿ ಒಣಗಿಸ್ತೀವಿ."

ಮರುದಿನ ಬೆಳಗ್ಗೆ, ನೆಲಕ್ಕೆ ನೀರು ಕಟ್ಟಲು ಬಂದ ಬಾಲರಾಜರಿಗೆ ಇದನ್ನು ಹೇಳಿದೆ. ಅವರು ಹೊಸ ನೆಲದ ಅಂಚಿನಲ್ಲಿ ಕುಳಿತರು.

"ತರಿ ನೆಲದ ಮ್ಯಾಲೆ ಮೆಣಸಿನಕಾಯಿ ಬೀಜ ಗುಡಿಸೋದು ಬಲು ಕಷ್ಟ ಕಣ್ರೀ" ಎಂದು ನಕ್ಕರು.

ಏಳಲು ಗೋಡೆ ಹಿಡಿದುಕೊಂಡರು. ಮಂಡಿ ಮಾತು ಕೇಳಲಿಲ್ಲ. ನಾನು ಕೈ ನೀಡಿದೆ. ಅವರು ಹಿಡಿದುಕೊಂಡರು.