ದಪ್ಪ ಗುಂಡು, ಮಣ್ಣಿನ ಗೋಡೆ

ಅಕ್ಕನ ಮನೆ ಇರುವುದು ಪಿರಿಯಾಪಟ್ಟಣದ ಕಡೆ, ಊರಿನಿಂದ ಆಚೆ, ಹೊಗೆಸೊಪ್ಪಿನ ಹೊಲದ ನಡುವೆ. ಆ ಸಲ ಯೂನಿವರ್ಸಿಟಿಗೆ ರಜೆಯೆಂದು ನಾನು ಹೋದಾಗ ಭಾವ ಕಾಫಿ ಲೋಟ ಕೆಳಗಿಡುವ ಮೊದಲೇ ರಿವಾಲ್ವರ್ ಮಾತೆತ್ತಿದರು. ಅದಕ್ಕೆ ಕಾರಣವೂ ಇತ್ತು. ಸ್ವಲ್ಪ ದೂರದ ಒಂದು ಒಂಟಿಮನೆಗೆ ಕಳ್ಳರು ನುಗ್ಗಿ, ಗಂಡ ಹೆಂಡತಿಯನ್ನು ಕಟ್ಟಿಹಾಕಿ ಹೊಡೆದು, ಒಡವೆ ಕಿತ್ತುಕೊಂಡು ಹೋಗಿದ್ದರು. ಭಾವ ಹೊಗೆಸೊಪ್ಪಿನ ಹರಾಜಿಗೆಂದು ಹೋಗಿ ಅಲ್ಲೇ ಉಳಿಯಬೇಕಾದಾಗ ಇಲ್ಲಿ ಅಕ್ಕ ಮತ್ತು ಅವಳ ಮಗಳು ಇಬ್ಬರೇ.

ಬೆಳೆ ಕಾಯಲು ಲೈಸೆನ್ಸ್ ಇದ್ದ ಒಂಟಿನಳಿಗೆ ಕೋವಿ ಅವರಲ್ಲಿತ್ತು. ಆದರೆ ಚುನಾವಣೆ ಬಂದಿತ್ತು, ಎಲ್ಲರ ಹಾಗೆ ಅವರೂ ಅದನ್ನು ಪೊಲೀಸ್ ಸ್ಟೇಷನ್ನಿನಲ್ಲಿ ಇಟ್ಟು ಬಂದಿದ್ದರು.

"ಎಲೆಕ್ಷನ್ ಬಂದ್ರೆ ನಮ್ ಕೋವಿ ಇಸ್ಕತಾರೆ. ಕಳ್ಳರ್ನೂ ಇಸ್ಕತಾರೇನೋ?" ಅಂದರು ಭಾವ.

"ರಿವಾಲ್ವರ್ ಆದ್ರೆ ಬುಟ್ಬುಡ್ತಾರಾ? ಅದನ್ನೂ ಇಸ್ಕತಾರೆ ಕಣ್ರೀ," ಅಂದಳು ಅಕ್ಕ ಒಳಗಿಂದ.

ಕೊಡಗಿನಲ್ಲಿ ತೋಟವಿರುವ ಅವರ ಸ್ನೇಹಿತರೊಬ್ಬರ ಹತ್ತಿರ ದಪ್ಪ ಗುಂಡಿನ ದೊಡ್ಡ ರಿವಾಲ್ವರ್ ಇತ್ತು. ವಯಸ್ಸಾಯಿತೆಂದು ಅದನ್ನು ಕೊಟ್ಟುಬಿಡಲು ಅವರು ತಯಾರಿದ್ದರು. ಲೈಸೆನ್ಸ್ ಕೆಲಸಕ್ಕೆ ಓಡಾಡಲು ಭಾವ ನನ್ನನ್ನು ಜೊತೆಗೆ ಕರೆದರು. "ಸಣ್ಣ ಗುಂಡು ತಿಂದೋನು ಎದ್ದು ಮೇಲ್ ಬಿದ್ರೆ ಏನ್ಲಾ ಮಾಡೋದು? ಇದಾದ್ರೆ ಒಂದೇ ಏಟು."

ಆ ರಿವಾಲ್ವರನ್ನು ನಾನೂ ನೋಡಿದ್ದೆ. ಹಿಂದೊಮ್ಮೆ ಭಾವನ ಜೊತೆ ಅವರ ತೋಟಕ್ಕೆ ಹೋದಾಗ ಅವರು ಕಡಿದ ಮಣ್ಣಿನ ದರೆಗೆ ಒರಗಿಸಿದ ಮರದ ತುಂಡಿಗೆ ಹೊಡೆದು ತೋರಿಸಿದ್ದರು. ನನ್ನ ನೆನಪಿನಲ್ಲಿ ಅವರ ಕೈ ತಲೆಯ ಮೇಲಕ್ಕೆ ಹಾರಿತು, ಎರಡನೆಯ ಗುಂಡು ಎಲ್ಲಿ ಹೋಯಿತೋ ಯಾರಿಗೂ ಗೊತ್ತಾಗಲಿಲ್ಲ, ಸಂಜೆಯವರೆಗೆ ನನ್ನ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಇದನ್ನೆಲ್ಲ ಹೇಳಿ, ಅಂಥದ್ದು ಮನೆಯೊಳಗೆ ಹಾರಿದರೆ ಹೊಡೆದವನಿಗೇ ಕಣ್ಣು ಕಿವಿ ಇರುವುದಿಲ್ಲ ಎಂದೆ.

"ಅವರು ಹೊಡ್ದಿದ್ದು ಒಂದೇ ಗುಂಡು. ಎರಡನೇದು ನಿನ್ನ ಯೂನಿವರ್ಸಿಟೀಲಿ ಹೊಡ್ದಿರ್ಬೇಕು," ಎಂದು ಭಾವ ನಕ್ಕರು.

ನನಗೂ ಅನುಮಾನ ಬಂತು. ಒಂದೇ ಇರಬಹುದು. ಕೈ ಅಷ್ಟು ಎತ್ತರ ಹಾರಿತೋ ಅಥವಾ ಆಮೇಲೆ ಎಲ್ಲೋ ಓದಿದ್ದನ್ನು ಅವರ ಕೈಗೆ ನಾನೇ ಜೋಡಿಸಿದೆನೋ, ಇವತ್ತಿಗೂ ಹೇಳಲಾರೆ. ಹೆದರಿದವನ ನೆನಪನ್ನು ಸಾಕ್ಷಿಗೆ ಕರೆಯಬಾರದು. ಅವತ್ತು ನಾನು ಹೆದರಿದ್ದೆ. ಹಾಗಾಗಿ ಆ ವಾದ ಬಿಟ್ಟು ಕಣ್ಣೆದುರು ಇರುವುದನ್ನೇ ನೋಡೋಣ ಎಂದೆ.

"ನೀವು ಮಂಚದ ಮೇಲಿದ್ದೀರಿ, ಕಳ್ಳ ಬಂದ. ಎಲ್ಲಿಗೆ ಹೊಡೀತೀರಿ, ಬೆರಳಲ್ಲಿ ತೋರ್ಸಿ."

ಮಟಮಟ ಮಧ್ಯಾಹ್ನ ಭಾವ ಹೋಗಿ ಮಂಚದ ಮೇಲೆ ಕೂತರು. ಬೆರಳನ್ನು ಬಾಗಿಲ ಕಡೆ ಚಾಚಿದರು.

"ಅದರಾಚೆ ಜಗುಲಿ. ಸೊಪ್ಪು ಬೇಯಿಸೋ ತಿಂಗಳಲ್ಲಿ ಬ್ಯಾರನ್ ಆಳುಗಳು ಮಲಗೋ ಜಾಗ," ಅಂದಳು ಅಕ್ಕ.

ಬೆರಳು ಎಡಕ್ಕೆ ತಿರುಗಿತು. ಅದು ಮಗಳ ಕೋಣೆ. ನಡುವೆ ಇರುವುದು ಹಸಿ ಇಟ್ಟಿಗೆಯ ಗೋಡೆ, ಅದೂ ಸೂರಿನ ತನಕ ಇಲ್ಲ. ದಪ್ಪ ಗುಂಡು ಅಂಥ ಗೋಡೆಗೆ ನಿಲ್ಲುವುದಿಲ್ಲ ಎಂದು ಭಾವನಿಗೆ ನಾನು ಹೇಳಬೇಕಾಗಿರಲಿಲ್ಲ. ಬಲಕ್ಕೆ ತಿರುಗಿದರೆ ಅಡುಗೆಮನೆ, ಅಲ್ಲಿ ಗ್ಯಾಸ್ ಸಿಲಿಂಡರ್.

"ಮ್ಯಾಕ್ಕೆ ಹೊಡೀಲಾ?"

"ಹೊಡೀರಿ, ಹೆಂಚು ನೀವೇ ಹೊದಿಸ್ಕೊಡಿ," ಅಂದಳು ಅಕ್ಕ. ಮೂವರೂ ನಕ್ಕೆವು.

ಕಡೆಗೆ ಭಾವ ಬೆರಳನ್ನು ಕಿಟಕಿಯತ್ತ ತಿರುಗಿಸಿದರು. "ಇಲ್ಲಾದ್ರೆ ಬೇಲಿ. ಯಾರೂ ಇರಾಕಿಲ್ಲ." ಅಷ್ಟು ಹೇಳಿ ಬೆರಳು ಮಡಿಚಿಕೊಂಡರು.

ಹೊಗೆಸೊಪ್ಪು ಬೇಯಿಸುವ ತಿಂಗಳುಗಳಲ್ಲಿ ಬ್ಯಾರನ್ನಿನ, ಅಂದರೆ ಸೊಪ್ಪು ಹದಮಾಡುವ ಮನೆಯ, ಒಲೆ ಆರಬಾರದು, ಬಿಸಿ ಏರುಪೇರಾಗಬಾರದು. ರಾತ್ರಿಯೆಲ್ಲ ಆಳು ಸೌದೆ ಹಾಕುತ್ತಾನೆ. ಬಿಸಿ ಇಳಿದರೆ ಬಂದು ಭಾವನನ್ನು ಎಬ್ಬಿಸುತ್ತಾನೆ. ಕೂಗಿದರೆ ಮನೆಮಂದಿಗೆಲ್ಲ ಎಚ್ಚರವಾಗುತ್ತದೆಂದು ಆ ಕಿಟಕಿಯಲ್ಲಿ ಕೈ ಹಾಕಿ ಹೊದಿಕೆ ಎಳೆಯುವುದು ಅಲ್ಲಿಯ ರೂಢಿ.

"ಓದ್ವರ್ಸ ಅವನ ಕೈಗೆ ಬಾರಿಸಿದ್ನಲ್ಲ," ಅಂದರು ಭಾವ, ಯಾರಿಗೆ ಹೇಳಿದರೋ ತಿಳಿಯದ ಹಾಗೆ.

ಅದು ನನಗೆ ಹೊಸ ಸಂಗತಿ. ನಿದ್ದೆಗಣ್ಣಿನಲ್ಲಿ ಕಿಟಕಿಯಲ್ಲಿ ಕೈ ಕಂಡದ್ದೇ ಕಳ್ಳನೆಂದು ತಿಳಿದು, ಮಂಚದ ಪಕ್ಕದ ದೊಣ್ಣೆಯಲ್ಲಿ ಹೊಡೆದಿದ್ದರಂತೆ. ಮಣಿಕಟ್ಟು ಊದಿಕೊಂಡಿತ್ತು. ಅವನ ಹೆಂಡತಿ ಬಂದು, "ಸೌದೆ ಹಾಕೋ ಕೈನೇ ಮುರ್ದಾಕುದ್ರೆ ಒಲೆಗೆ ನೀವೇ ಕುತ್ಕಳಿ ಬುದ್ಧಿ," ಎಂದು ರೇಗಿಸಿ ಹೋಗಿದ್ದಳಂತೆ. ಎಷ್ಟೋ ದಿನ ಮನೆಯಲ್ಲಿ ಅದೇ ನಗೆಯ ಮಾತಾಗಿತ್ತಂತೆ. ಆ ಮಧ್ಯಾಹ್ನ ಮಾತ್ರ ಅದಕ್ಕೆ ಯಾರೂ ನಗಲಿಲ್ಲ.

ದೊಡ್ಡ ರಿವಾಲ್ವರ್ ಯಾರ ಮನೆಗೂ ಆಗದು ಎಂದು ನಾನು ಹೇಳಲಾರೆ. ಕಲ್ಲುಗೋಡೆಯ ಮನೆಯಲ್ಲಿ ಒಬ್ಬನೇ ಇರುವ, ದಿನಾ ಗುರಿ ಹಿಡಿದು ಅಭ್ಯಾಸವಿರುವ ಮನುಷ್ಯನಿಗೆ ಅದು ಒದಗಬಹುದೇನೋ. ಅಂಥವನನ್ನು ನಾನು ಕಂಡಿಲ್ಲ. ನಾನು ಕಂಡ ಮನೆಗಳಲ್ಲಿ ಕತ್ತಲಾದ ಮೇಲೆ ಓಡಾಡುವವರು ಹೆಚ್ಚಿನ ಮಟ್ಟಿಗೆ ಮನೆಯವರೇ. ಗುಂಡು ಎಷ್ಟು ದಪ್ಪವಾದರೆ ತಪ್ಪನ್ನು ಸರಿಮಾಡಿಕೊಳ್ಳುವ ಅವಕಾಶ ಅಷ್ಟು ಕಡಿಮೆ.

ಭಾವ ಕೊಡಗಿನ ಸ್ನೇಹಿತರಿಗೆ ಫೋನ್ ಮಾಡಿದರು. "ಬ್ಯಾಡ ಕಣ್ರೀ. ನಮ್ ಮನೇಲಿ ಜನ ಜಾಸ್ತಿ," ಎಂದಷ್ಟೇ ಹೇಳಿದರು. ಆ ಕಡೆಯವರು ಇನ್ನೇನೋ ಕೇಳುತ್ತಿದ್ದಂತಿತ್ತು, ಭಾವ ಬರೀ ಹ್ಞೂಂ ಎನ್ನುತ್ತಿದ್ದರು.

ನನಗೆ ಗೆದ್ದ ಹಾಗಾಗಿತ್ತು. ಅದು ಹೆಚ್ಚು ಹೊತ್ತು ಉಳಿಯಲಿಲ್ಲ.

"ಸರಿ, ನಾಡಿದ್ದು ಇವರು ಹರಾಜಿಗೆ ಹೋಗ್ತಾರೆ," ಅಂದಳು ಅಕ್ಕ, ನನ್ನನ್ನೇ ನೋಡಿ. "ಕಾವಲಿಗೆ ನಿನ್ನ ಬೆರಳು ಇಲ್ಲೇ ಬಿಟ್ಟು ಹೋಗ್ತೀಯೇನೋ?"

ಒಳ್ಳೆಯ ಚಿಲಕ, ಅಂಗಳಕ್ಕೊಂದು ದೀಪ, ನಾಯಿ ಎಂದು ಶುರುಮಾಡಿದೆ. ಚಿಲಕವೂ ನಾಯಿಯೂ ಕಳ್ಳರಿಂದ ಪೆಟ್ಟು ತಿಂದವರ ಮನೆಯಲ್ಲೂ ಇದ್ದವು ಎಂದಳು.

ಭಾವ ಎದ್ದು ಅಂಗಿ ಹಾಕಿಕೊಂಡರು. ಎಲ್ಲಿಗೆ ಎಂದರೆ, "ಆ ಆಳಿನ ಮನೆ ತಾವ್ಕೆ. ನಾನಿಲ್ದಾಗ ಗಂಡ ಎಂಡ್ತಿ ಇಬ್ರೂ ಇಲ್ಲೇ ಒಳಗೆ ಮಲೀಕೊಳ್ಳಿ ಅಂತ ಕೇಳ್ತೀನಿ," ಅಂದರು.

"ಬಾರಿಸ್ಕಂಡೋರು ಬತ್ತಾರಾ?" ಅಂದಳು ಅಕ್ಕ.

"ಕೇಳಾನ," ಎಂದು ಚಪ್ಪಲಿ ಮೆಟ್ಟಿ ಹೊರಟರು.